ಇಲ್ಲದ ಕೊಂಬಿನ ಸಾಕ್ಷಿ

ಬೆಳಗಿನ ಕಾಫಿಯ ಜೊತೆ ಹೊಸ ಡೈನೋಸಾರ್‌ಗಳ ಸುದ್ದಿ ಓದುವುದು ತಂಗಿಯ ಹಳೆಯ ಚಾಳಿ. ಪ್ರಪಂಚದಲ್ಲಿ ಎಲ್ಲೋ ಒಂದು ಕಡೆ, ಯಾರೋ ಒಬ್ಬರು, ಸತ್ತು ಕಲ್ಲಾದ ಪ್ರಾಣಿಗೆ ಹೆಸರಿಡುತ್ತಲೇ ಇರುತ್ತಾರೆ. ವಸ್ತುಸಂಗ್ರಹಾಲಯದ ಮೂಳೆ ವಿಭಾಗದವಳು ಅದನ್ನು ಓದದಿದ್ದರೆ ಹಿಂದೆ ಬಿದ್ದಂತೆಯೇ. ಆ ದಿನ ಮಾತ್ರ ಕಾಫಿ ಲೋಟದಲ್ಲೇ ಆರಿಹೋಯಿತು. ವಿಜ್ಞಾನ ಪತ್ರಿಕೆಯ ಹೊಸ ಸಂಚಿಕೆಯಲ್ಲಿದ್ದ ಪ್ರಾಣಿ ಅವಳದೇ — ಬೆಟ್ಟದಲ್ಲಿ ಅಗೆದು ತಂದು ಅವಳು ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದದ್ದು. ಹೆಸರು ಬೇರೆ.

ಬರೆದವನು ಅವಳ ಜೊತೆ ಓದಿದವನು. ಅವನ ಅವಸರಕ್ಕೆ ಕಾಲೇಜಿನಲ್ಲಿ ಎಲ್ಲರೂ ‘ಬಿರುಗಾಳಿ’ ಎನ್ನುತ್ತಿದ್ದರು. ಅದೇ ಬೆಟ್ಟದಲ್ಲಿ ಅವನಿಗೂ ಒಂದು ಮೂತಿಯ ಮೂಳೆ ಸಿಕ್ಕಿತ್ತು — ಹಿಂದಿನ ಅರ್ಧ ಮಾತ್ರ. ಮುಂದಿನ ಅರ್ಧ ಇದ್ದದ್ದು ತಂಗಿಯ ಮೂಳೆಯಲ್ಲಿ. ಆದರೂ ಅವನು ಅದನ್ನು ‘ಊಹಿಸಿ’ ಚಿತ್ರ ಬರೆಸಿದ್ದ. ಊಹೆ ತಂಗಿಯ ಮೂಳೆಯೊಂದಿಗೆ ಹಲ್ಲಿಗೆ ಹಲ್ಲು ತಾಳೆಯಾಗುತ್ತಿತ್ತು. ತುದಿಯಲ್ಲೊಂದು ಗಿಡ್ಡ ಕೊಂಬು ಮಾತ್ರ ಹೆಚ್ಚಿಗೆ; ಅದು ಅವನ ಅವಸರದ ತಪ್ಪು ಎಂದುಕೊಂಡಳು ತಂಗಿ.

ತಂಗಿ ಆ ಪ್ರಾಣಿಗೆ ಅಮ್ಮನ ಹೆಸರಿಡಬೇಕೆಂದಿದ್ದಳು. ಹೊಲಿಗೆ ಯಂತ್ರ ತುಳಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಅಮ್ಮ. ಆದರೆ ಈ ವಿದ್ಯೆಯಲ್ಲಿ ಮೊದಲು ಅಚ್ಚಾದ ಹೆಸರೇ ಹೆಸರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರೋ ತನ್ನ ಮೂಳೆಯನ್ನು ಅವನಿಗೆ ತೋರಿಸಿದ್ದಾರೆ ಎಂದು ಅವಳು ಅಕ್ಕನಿಗೆ ಫೋನ್ ಮಾಡಿದಳು.

ಅಕ್ಕ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಮೂಳೆಯ ವಿಷಯದಲ್ಲಿ ಸಾರಿನ ಮೂಳೆಗಿಂತ ಆಚೆಗೆ ಏನೂ ತಿಳಿಯದವಳು.

“ಮೂಳೆ ಇಟ್ಟಿರೋ ಕೋಣೆಗೆ ಯಾರ್ಯಾರು ಹೋಗ್ತಾರೆ?”

ಮೂವರೇ. ಕಲ್ಲಿನಿಂದ ಮೂಳೆ ಬಿಡಿಸುವ ಉಳಿಯಣ್ಣ, ಮೂಳೆಯ ಚಿತ್ರ ಬರೆಯುವ ಕಲಾವಿದೆ, ಮತ್ತೆ ಮೇಷ್ಟ್ರು. ತಂಗಿಗೂ ಬಿರುಗಾಳಿಗೂ ವಿದ್ಯೆ ಕಲಿಸಿದ ಹಿರಿಯರು ಅವರು.

“ಮೇಷ್ಟ್ರನ್ನ ಬಿಡು,” ಎಂದಳು ತಂಗಿ.

“ಯಾಕೆ ಬಿಡ್ಲಿ?”

ಅಕ್ಕ ಮೂವರ ಮುಂದೆಯೂ ಬಿರುಗಾಳಿಯ ಚಿತ್ರ ಹಿಡಿದು ಒಂದೇ ಪ್ರಶ್ನೆ ಕೇಳಿದಳು — ಇದರಲ್ಲಿ ಏನಾದರೂ ತಪ್ಪಿದೆಯೇ?

ಉಳಿಯಣ್ಣ ಕೊಂಬು ನೋಡಿ ನಕ್ಕುಬಿಟ್ಟ. ಆಮೇಲೆ ತನ್ನ ಕಸುಬಿನ ಪುರಾಣ ಬಿಚ್ಚಿದ: ಬಿರುಕು ಬಿಟ್ಟ ತುದಿ ಮುರಿಯದಿರಲೆಂದು ಕಲ್ಲುಪುಡಿ ಕಲಸಿದ ಗಾರೆಯನ್ನು ಮೆತ್ತುವುದು, ಕೆಲಸ ಮುಗಿದ ಮೇಲೆ ಕೆರೆದು ತೆಗೆಯುವುದು. ತಂಗಿಗೆ ಇದೆಲ್ಲ ಗೊತ್ತಿದ್ದ ಸಂಗತಿ, ಆಕಳಿಸಿದಳು. ಕಲಾವಿದೆ ತನ್ನ ಚಿತ್ರವನ್ನೇ ಪಕ್ಕದಲ್ಲಿಟ್ಟು, ಮೂಳೆ ಪೂರ್ತಿ ಶುಚಿಯಾದ ಮೇಲೆ ಬರೆದದ್ದು, ಕೊಂಬೆಲ್ಲಿ ಬಂತು ಎಂದಳು.

ಮೇಷ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಎಲ್ಲೂ ತಪ್ಪಿಲ್ಲಮ್ಮ. ಅದೇ ನನಗೆ ಸಂಕಟ,” ಎಂದರು. ದೂಳು ಕಂಡರೆ ಉಬ್ಬಸ ಎಂದೂ, ಶಿಷ್ಯೆ ಬೆಟ್ಟಕ್ಕೆ ಹೋಗಿದ್ದಾಗ ಒಮ್ಮೆ ಮೂಳೆ ನೋಡಿದ್ದು ಬಿಟ್ಟರೆ ಮತ್ತೆ ಆ ಕೋಣೆಗೆ ಕಾಲಿಡಲಿಲ್ಲವೆಂದೂ ಹೇಳಿದರು. ಅವರು ತಂಗಿಯ ತಲೆ ಸವರಿದಾಗ ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಹೊರಗೆ ಹೋಗಿ ಬಂದ ಅಕ್ಕ ಮತ್ತೆ ಕುರ್ಚಿ ಎಳೆದು ಕುಳಿತಳು.

“ಮೇಷ್ಟ್ರೇ, ಫೋಟೋ ತೆಗೆದು ಕಳಿಸಿದ್ದು ನೀವೇ ಅಲ್ವಾ?”

“ಅಕ್ಕಾ —”

“ಸುಮ್ಮನಿರು. ಕೊಂಬು ಬಿರುಗಾಳಿಯ ತಪ್ಪು ಅಂತ ನೀನು ತಳ್ಳಿಹಾಕಿದೆ. ಮಿಕ್ಕಿದ್ದೆಲ್ಲ ನೋಡಿ ಬರೆದೋನು ಕೊಂಬೊಂದನ್ನ ಯಾಕೆ ಊಹಿಸ್ತಾನೆ? ಅದನ್ನೂ ನೋಡಿದ್ದ. ಅದು ಉಳಿಯಣ್ಣ ಮೆತ್ತಿದ ಗಾರೆ. ನೀನು ಬೆಟ್ಟಕ್ಕೆ ಹೋದ ಮೇಲೆ ಮೆತ್ತಿ, ಬರೋದ್ರೊಳಗೆ ಅವನು ಕೆರೆದು ತೆಗೆದಿದ್ದ. ಈಗ ತಾನೇ ಹೋಗಿ ಅವನನ್ನೇ ಕೇಳಿದೆ. ಅವನು ಕಳಿಸಿದ್ದರೆ ಗಾರೆ ಅಂತ ಹೇಳಿರ್ತಿದ್ದ. ಕಲಾವಿದೆ ಅದನ್ನ ನೋಡೇ ಇಲ್ಲ. ಆ ನಡುವೆ ಒಮ್ಮೆ ನೋಡಿ, ಅದನ್ನ ಮೂಳೆ ಅಂತ ಇವತ್ತಿಗೂ ನಂಬಿರೋರು ಒಬ್ಬರೇ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಷ್ಟ್ರು ಅಲ್ಲಗಳೆಯಲಿಲ್ಲ.

“ನೀನು ತಿದ್ದಿ ತಿದ್ದಿ ವರ್ಷಗಳನ್ನೇ ಕಳೆದೆ,” ಎಂದು ಶಿಷ್ಯೆಗೆ ಹೇಳಿದರು. “ನನಗೆ ವಯಸ್ಸಾಯ್ತು. ಕಣ್ಣು ಮುಚ್ಚೋದ್ರೊಳಗೆ ಆ ಪ್ರಾಣಿ ಅಚ್ಚಾಗಿದ್ದು ನೋಡ್ಬೇಕಿತ್ತು. ಅವನಾದ್ರೆ ಬೇಗ ಮುಗಿಸ್ತಾನೆ ಅಂತ...”

“ಅಮ್ಮನ ಹೆಸರಿಡ್ತೀನಿ ಅಂತ ನಿಮ್ಮೊಬ್ಬರಿಗೇ ಹೇಳಿದ್ದೆ ಮೇಷ್ಟ್ರೇ.”

ಅವರು ನೆನಪು ಮಾಡಿಕೊಳ್ಳಲು ನೋಡಿದರು. “ಅದು ಮರೆತೇ ಹೋಗಿತ್ತಮ್ಮ.”

ತಂಗಿಯನ್ನು ಕಳವಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು, “ಕಳ್ಳ ಸಿಕ್ಕ. ಇನ್ನು ಹೆಸರು ಬದಲಾಯಿಸ್ತಾರೆ ತಾನೆ?”

“ಇಲ್ಲ. ಕೊಂಬು ಸುಳ್ಳು ಅಂತ ನಾನು ಬರೀಬಹುದು. ಹೆಸರು ಹಾಗೇ ಇರುತ್ತೆ.”

ಇಡೀ ನೌಕರಿಯಲ್ಲಿ ಕಳ್ಳ ಸಿಕ್ಕಿಯೂ ಮಾಲು ಸಿಗದ ಕೇಸು ಇದೇ ಮೊದಲು ಎಂದು ಅಕ್ಕ ಗೊಣಗಿದಳು. ತಂಗಿ ಮೂಳೆ ಕೋಣೆಗೆ ಹೋಗಿ, ಕಪಾಟಿನ ಬಾಗಿಲು ತೆರೆದು, ಅಮ್ಮನ ಹೆಸರಿಗೆಂದು ಈವರೆಗೆ ಖಾಲಿ ಬಿಟ್ಟಿದ್ದ ಚೀಟಿಯ ಮೇಲೆ ಬಿರುಗಾಳಿ ಇಟ್ಟ ಹೆಸರನ್ನು ತನ್ನ ಕೈಯಾರೆ ಬರೆದಳು.