ಮೊದಲ ಸಾಲಿನ ನಾಲ್ಕು ಕುರ್ಚಿ

ಶಾರದಾ ನಾಟ್ಯಗೃಹದ ಟಿಕೆಟುಗಳನ್ನೆಲ್ಲ ಮಾರುವ ಕಂಪ್ಯೂಟರು ಹೇರಂಬ ಆಗಾಶೆಯ ಕೈಯಲ್ಲಿತ್ತು. ಆದರೆ ಅದೇ ನಾಟ್ಯಗೃಹದ ಮೊದಲ ಸಾಲಿನಲ್ಲಿ ಕೂತು ನಾಟಕ ನೋಡುವ ಯೋಗ ಮಾತ್ರ ಅವನ ಷಡ್ಡಕ ಪ್ರಭಂಜನ ಲಿಮಯೆಯದು. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇಡೀ ಸದಾಶಿವ ಪೇಟೆಯಲ್ಲಿ ಇನ್ನೊಂದಿರಲಿಲ್ಲ.

ಪ್ರಭಂಜನನಿಗೆ ಲಕ್ಷ್ಮೀ ರಸ್ತೆಯಲ್ಲಿ ಕನ್ನಡಕದ ಅಂಗಡಿ. ಗಿರಾಕಿ ಬಂದರೆ ಬಂದ, ಬಾರದಿದ್ದರೆ ದಿನವಿಡೀ ಫೋನ್ ಹಿಡಿದು ಕೂರುವ ಆಸಾಮಿ. ಬುಕಿಂಗ್ ಶುರುವಾದ ಕ್ಷಣಕ್ಕೆ ಅವನ ಹೆಬ್ಬೆರಳು ಎಲ್ಲಿರಬೇಕೋ ಅಲ್ಲೇ ಇರುತ್ತಿತ್ತು. ಹೇರಂಬನ ಹೆಂಡತಿ ವೈಜಯಂತಿಯೂ ಪಾಪ ಪ್ರಯತ್ನಪಡುತ್ತಿದ್ದಳು. ಅವಳು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ, ಅದೂ ಪ್ರಭಂಜನನೇ ಕೊಟ್ಟ ಕನ್ನಡಕ, ಮೊದಲ ಹತ್ತು ಸಾಲು ಮಾರಿಹೋಗಿರುತ್ತಿದ್ದವು. ಇನ್ನು ಹೇರಂಬನಿಗೆ ಅವನ ನೌಕರಿಯೇ ಅಡ್ಡಿ. ನಾಟ್ಯಗೃಹದ ಕಾರ್ಯದರ್ಶಿ ಉಷಾತಾಯಿ ಪೇಂಡಸೆ ಬಾಲ್ಕನಿಯ ಮೆಟ್ಟಿಲ ಬಳಿ ಸ್ವಂತ ಕೈಯಿಂದ ಬರೆದು ತೂಗುಹಾಕಿದ್ದ ಫಲಕ ಹೀಗಿತ್ತು: ‘ಇಲ್ಲಿ ಕೆಲಸ ಮಾಡುವವರು ಬಾಲ್ಕನಿಯಲ್ಲಿ ಕೂರಬೇಕು. ಮೊದಲ ಸಾಲು ಬೇಕಿದ್ದವರು ಮೊದಲು ರಾಜೀನಾಮೆ ಕೊಡಬೇಕು.’

ಹೇರಂಬ ಇದನ್ನೆಲ್ಲ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಅತ್ತೆಯ ಮಾತು. ಎಂಬತ್ತನಾಲ್ಕರ ಇಂದುಮತಿಬಾಯಿಯನ್ನು ಮನೆಮಂದಿಯೆಲ್ಲ ಆಯಿ ಎಂದೇ ಕರೆಯುವುದು. ಆಯಿಗೆ ಕಿವಿ ಮಂದ. ಮೊದಲ ಸಾಲಿನಲ್ಲಿ ಕೂತರೆ ಮಾತ್ರ ಹಾಡು ಕೇಳುತ್ತದೆ, ಹಾಗಾಗಿ ಪ್ರತಿ ನಾಟಕಕ್ಕೂ ಪ್ರಭಂಜನನ ಜೊತೆಗೇ ಹೋಗುತ್ತಿದ್ದಳು. ಬಂದವರೆದುರು ಅವನ ಗುಣಗಾನ.

"ನಮ್ಮ ಸಣ್ಣ ಅಳಿಯ ಬಂಗಾರದಂಥಾವ. ನನ್ನ ಕೈ ಹಿಡಿದು ಮುಂದ ಕೂಡಸ್ತಾನ."

"ಮತ್ತ ದೊಡ್ಡ ಅಳಿಯ?" ಎಂದು ಯಾರಾದರೂ ಕೇಳದೆ ಇರುತ್ತಾರೆಯೇ?

"ಅವರೂ ಅಲ್ಲೇ ಇರ್ತಾರವ್ವಾ. ಕಂಪ್ಯೂಟರ್ ಧೂಳ ಝಾಡಸ್ತಾರ."

ಹತ್ತೊಂಬತ್ತು ವರ್ಷ ಆ ಟಿಕೆಟ್ ವ್ಯವಸ್ಥೆಯನ್ನು ಒಬ್ಬನೇ ಬರೆದು, ಒಬ್ಬನೇ ಸಾಕಿ ಸಲಹಿದವನಿಗೆ ಇದು ಎದೆಗೇ ನಾಟಿತು.

ಅಷ್ಟರಲ್ಲಿ ದಾಮುಅಣ್ಣಾ ಖರೆಯವರ ಕೊನೆಯ ಪ್ರಯೋಗ ನಿಗದಿಯಾಯಿತು. ದಸರೆಯ ಮರುದಿನ, ಭಾನುವಾರ ಸಂಜೆ ಐದಕ್ಕೆ. ಎಂಬತ್ತೆರಡರ ಆ ಗಾಯಕ ನಟ ಆಮೇಲೆ ಬಣ್ಣ ಹಚ್ಚುವುದಿಲ್ಲವಂತೆ. ಮದುವೆಗೆ ಮುಂಚೆ, ಅಪ್ಪನ ಜೊತೆ ಹೋಗಿ ಅವರ ಮೊದಲ ನಾಟಕವನ್ನು ಆಯಿ ನೋಡಿದ್ದಳು.

"ಒಂದ್ಸಲ ಅವರ ಹಾಡು ಹತ್ತಿರದಿಂದ ಕೇಳಿದ್ರ ಸಾಕು ನೋಡು. ಆಮ್ಯಾಲೆ ಈ ಕಿವಿ ಪೂರ್ತಿ ಹೋದ್ರೂ ನಡೀತದ," ಎಂದಳು.

"ನಾ ಇದ್ದೀನಲ್ಲ ಆಯಿ!" ಪ್ರಭಂಜನ ಎದೆ ತಟ್ಟಿಕೊಂಡ. ಆಮೇಲೆ ಹೇರಂಬನ ಕಡೆ ತಿರುಗಿ, "ನೀವೇನೂ ಚಿಂತೀ ಮಾಡಬ್ಯಾಡ್ರಿ ಹೇರಂಬರಾವ್. ಮ್ಯಾಲಿಂದ ಕೈ ಬೀಸ್ರಿ, ನಾವು ಕೆಳಗಿಂದ ಬೀಸ್ತೀವಿ," ಎಂದ.

ಹೇರಂಬ ನಕ್ಕ. ಅವನು ಹಾಗೆ ನಕ್ಕ ಕ್ಷಣದಲ್ಲೇ ಅಪರಾಧ ಹುಟ್ಟಿತು.

ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ಅದರೊಳಗೆ ಜಾಲರಿ ಬಾಗಿಲಿನ ಹಳೇ ಬೀರು, ಬೀರುವಿನೊಳಗೆ ಸರ್ವರ್ ಪೆಟ್ಟಿಗೆ. ಅದರಲ್ಲಿ ಟಿಕೆಟ್ ಮಾರುವ ಪ್ರೋಗ್ರಾಮಿನ ಪಕ್ಕದಲ್ಲೇ ಒಂದು ಕಾನ್ಫಿಗ್ ಫೈಲು. ಸಭಾಂಗಣಕ್ಕೆ ಎಷ್ಟು ಸಾಲು, ಯಾವ ಸಾಲಿಗೆ ಏನು ದರ, ಬುಕಿಂಗ್ ಎಷ್ಟು ಗಂಟೆಗೆ ಎಂಬ ಕಟ್ಟಳೆಗಳೆಲ್ಲ ಅದರಲ್ಲಿ. ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಸಾಲು: ಮುರಿದ ಕುರ್ಚಿಗಳ ಪಟ್ಟಿ. ಆ ಪಟ್ಟಿಯಲ್ಲಿರುವ ಕುರ್ಚಿಯನ್ನು ಪ್ರೋಗ್ರಾಮು ಯಾರಿಗೂ ಮಾರುವುದಿಲ್ಲ. ಟಿಕೆಟ್ ಕೊಳ್ಳುವವರ ಪರದೆಯ ಮೇಲೆ ಖಾಲಿ ಕುರ್ಚಿ ಹಸಿರು; ಮಾರಿದ ಕುರ್ಚಿಯೂ ಬೂದು, ಮುರಿದ ಕುರ್ಚಿಯೂ ಬೂದು. ಯಾರಿಗೂ ಏನೂ ತಿಳಿಯದು.

ಮೊದಲ ಸಾಲಿನ ನಟ್ಟನಡುವಿನ ನಾಲ್ಕು ಕುರ್ಚಿ, ಹನ್ನೊಂದರಿಂದ ಹದಿನಾಲ್ಕು, ಆ ಪಟ್ಟಿಗೆ ಸೇರಿದರೆ? ನಾಟಕದ ದಿನ ಅವು ಗಟ್ಟಿಮುಟ್ಟಾಗಿ, ಖಾಲಿಯಾಗಿ, ವಾರಸುದಾರರಿಲ್ಲದೆ ಕಾಯುತ್ತಿರುತ್ತವೆ. ಹೇರಂಬ ಕುಟುಂಬದ ಐವರಿಗೂ ಬಾಲ್ಕನಿ ಟಿಕೆಟ್ ಕೊಳ್ಳುತ್ತಾನೆ. ಎರಡನೇ ಗಂಟೆ ಬಾರಿಸಿದ ಮೇಲೆ ಆಯಿಯ ಕೈ ಹಿಡಿದು ಕೆಳಗಿಳಿಯುತ್ತಾನೆ. ಆಯಿಗೊಂದು, ವೈಜಯಂತಿಗೊಂದು, ನಾದಿನಿ, ಅಂದರೆ ಪ್ರಭಂಜನನ ಹೆಂಡತಿ, ಜಾಹ್ನವಿಗೊಂದು, ತನಗೊಂದು. ಐದನೆಯದು ಇಲ್ಲ! ಪ್ರಭಂಜನ ಬಾಲ್ಕನಿಯಲ್ಲೇ ಕೂತು ಕೈ ಬೀಸಲಿ. ಈ ಭಾಗವನ್ನು ನೆನೆದಾಗಲೆಲ್ಲ ಹೇರಂಬನಿಗೆ ಒಳಗೊಳಗೇ ಕಚಗುಳಿ. ಬಾಗಿಲು ಕಾಯುವವನು ಕಂಪ್ಯೂಟರ್ ಸಾಹೇಬರನ್ನು ತಡೆಯುವುದಿಲ್ಲ. ಉಷಾತಾಯಿ ನಾಟಕದ ಹೊತ್ತಿನಲ್ಲಿ ಟಿಕೆಟ್ ಕಿಟಕಿ ಬಿಟ್ಟು ಅಲುಗುವವಳಲ್ಲ.

ತೊಡಕೊಂದೇ, ಅದೂ ಉಷಾತಾಯಿಯದೇ. ಒಮ್ಮೆ ಯಾರೋ ತಮ್ಮ ಬೀಗರಿಗೋಸ್ಕರ ಕುರ್ಚಿ ತಡೆಹಿಡಿದು ರಾದ್ಧಾಂತವಾದಂದಿನಿಂದ ಆಕೆ ಆ ಒಂದು ಫೈಲು ತೆರೆಯುವುದನ್ನು ಹಟ ಹಿಡಿದು ಕಲಿತಿದ್ದಳು. ಪ್ರತಿ ಸೋಮವಾರ ಬಡಗಿ ಬಬನ್ ಬರೆದುಕೊಟ್ಟ ಚೀಟಿಯನ್ನು ಎದುರಿಗಿಟ್ಟುಕೊಂಡು, ಮುರಿದ ಕುರ್ಚಿಗಳ ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಒಂದು ಹೆಚ್ಚಿದ್ದರೂ ನೌಕರಿ ಹೋಯಿತೆಂದೇ ಲೆಕ್ಕ.

ಇಲ್ಲೇ ಹೇರಂಬನ ಬುದ್ಧಿವಂತಿಕೆ ಇದ್ದದ್ದು. ಪ್ರೋಗ್ರಾಮು ಆ ಫೈಲನ್ನು ಓದುವುದು ಶುರುವಾಗುವಾಗ ಒಂದೇ ಸಲ. ಮದುವೆಮನೆಯ ಅಡುಗೆಭಟ್ಟ ಬೆಳಿಗ್ಗೆ ಒಮ್ಮೆ ಚೀಟಿ ನೋಡಿ ತಲೆಯಲ್ಲಿಟ್ಟುಕೊಂಡಂತೆ. ಆಮೇಲೆ ಚೀಟಿಯಲ್ಲಿ ಯಾರು ಏನು ತಿದ್ದಿದರೂ ಅವನ ಒಗ್ಗರಣೆ ಬದಲಾಗದು. ಶುಕ್ರವಾರ ಸಂಜೆ ಪಟ್ಟಿಗೆ ನಾಲ್ಕು ಕುರ್ಚಿ ಸೇರಿಸುವುದು, ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡುವುದು, ಅದು ಓದಿಕೊಂಡ ಕೂಡಲೇ ನಾಲ್ಕನ್ನೂ ಅಳಿಸಿ ಫೈಲನ್ನು ಮೊದಲಿನಂತೆ ಇಡುವುದು. ಪ್ರೋಗ್ರಾಮಿನ ನೆನಪಿನಲ್ಲಿ ಕುರ್ಚಿ ಮುರಿದಿವೆ, ಫೈಲಿನಲ್ಲಿ ಮುರಿದಿಲ್ಲ. ಉಷಾತಾಯಿ ನೋಡುವುದು ಫೈಲನ್ನು, ಊರು ಟಿಕೆಟ್ ಕೊಳ್ಳುವುದು ನೆನಪಿನಿಂದ. ಭಲೇ ಹೇರಂಬಾ ಎಂದು ಅವನೇ ಬೆನ್ನು ಚಪ್ಪರಿಸಿಕೊಂಡ.

ಶುಕ್ರವಾರ ಸಂಜೆ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ದೊಡ್ಡ ಬುಕಿಂಗಿನ ಮುನ್ನಾದಿನ ಪ್ರೋಗ್ರಾಮನ್ನು ಹೊಸದಾಗಿ ಶುರುಮಾಡುವುದು ಅವನ ಎಂದಿನ ರೂಢಿ. ಯಾರೂ ತಲೆಯೆತ್ತಿ ನೋಡಲಿಲ್ಲ. ನಾಟಕಕ್ಕೆ ಇನ್ನೂ ಎಂಟು ದಿನ ಇರುವಾಗ, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬುಕಿಂಗ್ ಶುರು, ಒಂಬತ್ತೂ ಆರಕ್ಕೆ ಇಡೀ ನಾಟ್ಯಗೃಹ ಖಲಾಸ್. ಬಾಲ್ಕನಿಯ ಐದು ಟಿಕೆಟುಗಳನ್ನು ಹೇರಂಬ ಅಷ್ಟರೊಳಗೇ ಕೊಂಡಿದ್ದ. ನಡುವಿನ ನಾಲ್ಕು ಕುರ್ಚಿಗಳು ಬೂದು ಹೊದ್ದು ತಣ್ಣಗೆ ಕೂತಿದ್ದವು. ಹೇರಂಬ ಒಂದೇ ಸಲ ನೋಡಿದ. ಕೃತ್ಯದ ಜಾಗಕ್ಕೆ ಮತ್ತೆ ಮತ್ತೆ ಹೋಗುವವರೇ ಸಿಕ್ಕಿಬೀಳುವುದು ಎಂದು ಪತ್ತೇದಾರಿ ಕಾದಂಬರಿಗಳಲ್ಲಿ ಓದಿದ್ದ. ಇನ್ನು ನಾಟಕದವರೆಗೂ ಆ ಪರದೆ ತೆರೆಯುವುದಿಲ್ಲವೆಂದು ಶಪಥ ಮಾಡಿದ.

ಹತ್ತು ಗಂಟೆಗೆ ಪ್ರಭಂಜನ ಸಪ್ಪೆ ಮುಖ ಹೊತ್ತು ಹೇರಂಬನ ಮನೆಗೆ ಬಂದ.

"ಏನ್ರೀ ಇದು, ನಿಮ್ಮ ಪೆಟ್ಟಗಿ! ಒಂಬತ್ತಕ್ಕ ಸರಿಯಾಗಿ ಒತ್ತೀನಿ, ನಡುವಿನ ನಾಕೂ ಅಷ್ಟೊತ್ತಿಗೇ ಹೋಗಿದ್ವು. ಬಾಜೂದಾಗ ಒತ್ತೂದ್ರೊಳಗ ಅವೂ ಹೋದ್ವು."

"ನಿಮಗಿಂತ ಚುರುಕ ಬೆರಳು ಊರಾಗ ಯಾರಿಗೋ ಇದ್ದೀತು," ಹೇರಂಬ ಚಹಾ ಹೀರಿದ.

ಆಯಿ ಮುಖ ಇಳಿಸಿಕೊಂಡು ಒಳಗೆ ಹೋಗುವವಳಿದ್ದಳು. ಹೇರಂಬನಿಗೆ ತಡೆಯಲಾಗಲಿಲ್ಲ.

"ಆಯಿ, ಕಣ್ಣಾಗ ನೀರು ಯಾಕ? ಮುಂದಿನ ಭಾನುವಾರ ನೀವು ಮೊದಲನೇ ಸಾಲಿನಾಗ ಕೂಡ್ತೀರಿ. ಇದು ನಿಮ್ಮ ದೊಡ್ಡ ಅಳಿಯನ ಮಾತು."

"ಖರೇನಾ?" ಆಯಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ವೈಜಯಂತಿ ಮಾತ್ರ ಹೇರಂಬನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಎಲ್ಲಿಂದ ತರ್ತೀರಿ? ಮಾತು ತಪ್ಪಿದ್ರ ಆಯಿ ಈ ಜನ್ಮದಾಗ ನಿಮ್ಮನ್ನ ನಂಬೂದಿಲ್ಲ ನೋಡ್ರಿ," ಎಂದಳು.

"ಅದು ಗುಟ್ಟು," ಎಂದ ಹೇರಂಬ.

ಸೋಮವಾರ ಉಷಾತಾಯಿ ಚೀಟಿ ಹಿಡಿದು ಬಂದಳು, ಬೆರಳಿಟ್ಟು ಓದಿದಳು, ಹೋದಳು. ಮಂಗಳವಾರ, ಬುಧವಾರ, ಗುರುವಾರ ನೆಮ್ಮದಿಯಾಗಿ ಕಳೆದವು.

ಶುಕ್ರವಾರ ಖಂಡೆನವಮಿ, ಆಯುಧಪೂಜೆಯ ದಿನ. ರಂಗದ ಮೇಲೆ ತಗಡಿನ ಕತ್ತಿ, ಗದೆ, ಹಾರ್ಮೋನಿಯಂ, ಬಬನನ ಗರಗಸ ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಅದೆಲ್ಲ ಮುಗಿಸಿ ಪೂಜೆಯ ತಟ್ಟೆಯೊಡನೆ ಮೆರವಣಿಗೆ ಮೆಟ್ಟಿಲ ಕೆಳಗಿನ ಕೋಣೆಗೆ ಬಂತು. ಬಂದವಳೇ ಉಷಾತಾಯಿ ತಟ್ಟೆಯನ್ನು ಬಬನನ ಕೈಗಿಟ್ಟು ಕನ್ನಡಕ ಹಾಕಿಕೊಂಡಳು.

"ಹೇರಂಬರಾವ್, ಆ ಫೈಲ್ ತೆಗೀರಿ. ದಾಮುಅಣ್ಣಾರ ನಾಟಕ, ಇನ್ನೊಮ್ಮೆ ನೋಡಿಬಿಡೂಣು."

"ಈಗಾ? ಪೂಜಾ ಹೊತ್ತಿನಾಗ?"

"ಯಾಕ, ಫೈಲಿಗೇನು ಮಡೀನಾ?"

ಹೇರಂಬ ಕುರ್ಚಿ ಎಳೆದುಕೊಂಡು ಕೂತ. ಫೈಲು ತೆರೆದ. ಉಷಾತಾಯಿ ಮೂಗು ಪರದೆಗೆ ತಾಗುವಷ್ಟು ಬಗ್ಗಿದಳು.

"ಎಫ್ ಏಳು... ಕೆ ಎರಡು... ಎಮ್ ಹತ್ತೊಂಬತ್ತು. ಬಬನ್, ಇಷ್ಟೇನಾ?"

"ಇಷ್ಟೇ ರೀ ತಾಯಿ. ಮೊದಲನೇ ಸಾಲಂತೂ ಕಲ್ಲು ಇದ್ದಂಗ ಅದ."

"ಶಾಬಾಸ್. ಹೇರಂಬರಾವ್, ನಿಮ್ಮಂಥಾ ಚೊಕ್ಕ ಮನಷ್ಯಾ ಇನ್ನೊಬ್ಬ ಸಿಗೂದಿಲ್ಲ."

ಹೇರಂಬ ಬೆವರು ಒರೆಸಿಕೊಂಡ. ಹೋದ ಜೀವ ಬಂದಂತಾಗಿ ಎಲ್ಲರಿಗಿಂತ ಜೋರಾಗಿ ಆರತಿಗೆ ಸಿದ್ಧನಾದ. ಎರಡು ವರ್ಷದ ಹಿಂದೆ ಪೂಜೆಯ ನೀರು ಸಿಡಿದು ಪ್ಲಗ್ಗಿನಲ್ಲಿ ಕಿಡಿ ಹಾರಿತ್ತು. ಅಂದಿನಿಂದ ಕರೆಂಟು ತೆಗೆಯದೆ ಪೆಟ್ಟಿಗೆಯ ಮೇಲೆ ಅಕ್ಷತೆಯ ಒಂದು ಕಾಳೂ ಬೀಳಕೂಡದೆಂದು ಉಷಾತಾಯಿಯ ಅಪ್ಪಣೆ. ಹೇರಂಬನೇ ಯಜಮಾನ. ಪೆಟ್ಟಿಗೆಗೆ ಕುಂಕುಮವಿಟ್ಟು ಹೂವಿನ ಹಾರ ಹಾಕಿದ. ಬಬನ್ ಕಾಯಿ ಒಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡು ಬೊಬ್ಬೆ ಹೊಡೆದ. ಉಷಾತಾಯಿ ಆರತಿಯ ನಡುವೆಯೇ ಅವನನ್ನು ಬೈದಳು. ಪೇಡೆ ಹಂಚಿದ್ದಾಯಿತು. ಹೇರಂಬ ಕೈಮುಗಿದು, ಭಾನುವಾರ ಕಾಪಾಡು ತಾಯಿ ಎಂದು ಬೇಡಿಕೊಂಡು ಎರಡು ಪೇಡೆ ಹೆಚ್ಚಿಗೆ ತಿಂದ.

ಆ ದಿನವಿಡೀ ಪ್ರಭಂಜನನ ಸುಳಿವೇ ಇಲ್ಲ. ಮರುದಿನ ದಸರೆಗೆ ಬಂಗಾರವೆಂದು ಬನ್ನಿಯೆಲೆ ಕೊಡಲು ಬಂದವನು ಸುಮ್ಮನೆ ಹಲ್ಲು ಕಿರಿದು ಹೋದ. ಸೋತವನ ಮೌನ ಎಂದು ಹೇರಂಬ ಮರುಕಪಟ್ಟ. "ಭಾನುವಾರ ನಾವಿಬ್ಬರೂ ಮೊದಲು ಹೋಗಿರ್ತೀವಿ, ನೀವು ಆಯಿನ್ನ ಕರಕೊಂಡು ಬರ್ರಿ," ಎಂದಿದ್ದ ಪ್ರಭಂಜನ, ಅಷ್ಟೇ.

ಭಾನುವಾರ ಆಯಿ ತನ್ನ ಮದುವೆಯ ಹಸಿರು ಪೈಠಣಿ ಸೀರೆ ಉಟ್ಟಳು. ಎರಡನೇ ಗಂಟೆ ಬಾರಿಸಿತು. ಹೇರಂಬ ಹೊಸ ಕುರ್ತಾ ತೊಟ್ಟು, ಆಯಿಯ ಕೈ ಹಿಡಿದು, ಹಿಂದೆ ವೈಜಯಂತಿಯನ್ನು ಕರೆದುಕೊಂಡು ನಡು ಹಾದಿಯಲ್ಲಿ ಮದುವೆ ದಿಬ್ಬಣದಂತೆ ಇಳಿದ. ಬಾಗಿಲು ಕಾಯುವವನು ಸಲಾಮು ಹೊಡೆದ. ಮೊದಲ ಸಾಲು ಬಂತು. ಹನ್ನೊಂದನೇ ಕುರ್ಚಿಯಲ್ಲಿ ಜಾಹ್ನವಿ. ಹದಿನಾಲ್ಕನೆಯದರಲ್ಲಿ ಪ್ರಭಂಜನ.

"ಬರ್ರಿ ಆಯಿ, ಬರ್ರಿ! ವೈಜೂ ಅಕ್ಕಾ, ನೀವೂ ಕೂಡ್ರಿ. ಹೆಂಗದ ಸರ್ಪ್ರೈಜು?"

"ಇವು... ಇವು ಎಲ್ಲಿ ಸಿಕ್ವು?" ಎಂದ ಹೇರಂಬ.

ಪ್ರಭಂಜನ ನಾಲ್ಕು ಟಿಕೆಟುಗಳನ್ನು ಬೀಸಣಿಗೆಯಂತೆ ಹರವಿ ತೋರಿಸಿದ. "ದೇವೀ ಕೃಪಾ ರೀ! ಯಾರರೆ ಬ್ಯಾಡಂತ ಬಿಟ್ಟಾರೇನೋ ಅಂತ ದಿನಾ ನೋಡ್ತಿದ್ದೆ. ನವಮಿ ದಿನ ಹನ್ನೊಂದೂವರಿಗೆ ನಿಮ್ಮ ಬುಕಿಂಗ್ ಪುಟಾನೇ ತೆರೀಲಿಲ್ಲ. ಹತ್ತು ನಿಮಿಷ ಬಿಟ್ಟು ತೆರೀತು ನೋಡ್ರಿ, ನಡುವಿನ ನಾಕೂ ಹಸಿರು! ಒತ್ತಿದೆ, ಬಂದ್ವು. ನಿಮಗೂ ಒಂದು ಬೇಕಿತ್ತು, ಆದ್ರ ಇದ್ದದ್ದೇ ನಾಕು. ಮ್ಯಾಲೆ ನಿಮ್ಮ ಆ ಬೋರ್ಡ್ ಬ್ಯಾರೆ ಅದಲ್ಲ!"

ಆಯಿ ಆಗಲೇ ಹನ್ನೆರಡನೇ ಕುರ್ಚಿಯಲ್ಲಿ ಕೂತು ಸೆರಗು ಸರಿಪಡಿಸಿಕೊಳ್ಳುತ್ತ, "ಇಬ್ಬರೂ ಅಳಿಯಂದಿರು ಕೂಡಿ ಮಾಡೀರಿ ಹೌದಿಲ್ಲೋ? ದೊಡ್ಡವರು ಮಾತು ಕೊಟ್ರು, ಸಣ್ಣಾವ ನಡಿಸಿದ," ಎಂದು ಹರಸಿದಳು. ಹೇರಂಬ ಉಷಾತಾಯಿಯ ಫಲಕ ದಾಟಿ ಬಾಲ್ಕನಿ ಹತ್ತಿದ. ಅಕ್ಕಪಕ್ಕದಲ್ಲಿ ತಾನೇ ಕೊಂಡ ನಾಲ್ಕು ಖಾಲಿ ಕುರ್ಚಿ. ಪರದೆ ಮೇಲೇರಿತು, ದಾಮುಅಣ್ಣಾ ಮೊದಲ ಸ್ವರ ಹಿಡಿದರು, ಕೆಳಗೆ ಆಯಿ ಕಣ್ಣೊರೆಸಿಕೊಂಡಳು. ಆಗ ಅವನಿಗೆ ತನ್ನ ಬಲಗೈ ಹೆಬ್ಬೆರಳು ನೆನಪಾಯಿತು. ನವಮಿಯ ದಿನ ಅದೇ ಬೆರಳಿನಿಂದ ಕುಂಕುಮವಿಡುವ ಮೊದಲು ಪೆಟ್ಟಿಗೆಯ ಕರೆಂಟು ಆರಿಸಿದ್ದು ಅವನು, ಆರತಿ ಮುಗಿದು ಪೇಡೆ ಬಾಯಿಗೆ ಹಾಕಿಕೊಳ್ಳುತ್ತ ಮತ್ತೆ ಹಚ್ಚಿದ್ದೂ ಅವನು. ಎದ್ದ ಪ್ರೋಗ್ರಾಮು ಹಳೆಯದನ್ನೆಲ್ಲ ಮರೆತು, ಅವನೇ ಒಂದು ಕಲೆಯೂ ಉಳಿಯದಂತೆ ಚೊಕ್ಕ ಮಾಡಿಟ್ಟಿದ್ದ ಫೈಲನ್ನು ಹೊಸದಾಗಿ ಓದಿಕೊಂಡಿತ್ತು. ಕೆಳಗಿನಿಂದ ಪ್ರಭಂಜನ ತಿರುಗಿ ಕೈ ಬೀಸಿದ. ಹೇರಂಬನೂ ಬೀಸಿದ.