ಸೂಜಿ ಆಗೇತೇನ್ರಿ?

“ಸೂಜಿ ಆಗೇತೇನ್ರಿ?”

ದೇವಣಗಾಂವದ ಸಮುದಾಯ ಭವನದ ಬಾಗಿಲಲ್ಲಿ ಸಿದ್ಧರಾಮ ಕೇಳಿದಾಗ ಸುನೀತಾ ತೋಳಿನ ಮೇಲೆ ಸೆರಗು ಎಳೆದುಕೊಂಡಳು!

ಅವನು ಊರ ಆಸ್ಪತ್ರೆಯ ನರ್ಸು. ಚಳಿಗಾಲಕ್ಕೆ ಮುಂಚೆ ಎಲ್ಲರಿಗೂ ಫ್ಲೂ ಜ್ವರದ ಲಸಿಕೆ ಹಾಕಿಸಬೇಕೆಂದು ಓಡಾಡುತ್ತಿದ್ದ. ಗಂಡು ನರ್ಸೆಂದು ಊರೆಲ್ಲ ಅವನನ್ನು ‘ಬ್ರದರ್’ ಎನ್ನುತ್ತಿತ್ತು. ಸುನೀತಾಳ ಬಾಯಿಗೆ ಮಾತ್ರ ಆ ಶಬ್ದ ಬರುತ್ತಿರಲಿಲ್ಲ. ಕಾರಣ ಅವಳ ಹೊಲಿಗೆ ಯಂತ್ರಕ್ಕೆ ಗೊತ್ತಿತ್ತು. ಅವನು ಅವಳ ಹೊಲಿಗೆ ಅಂಗಡಿ ಮುಂದೆ ಹಾದರೆ ಅದು ತಾನಾಗಿ ನಿಲ್ಲುತ್ತಿತ್ತು.

ದಿನವಿಡೀ ಸೂಜಿ ಹಿಡಿಯುವವಳಿಗೆ ಇಂಜೆಕ್ಷನ್ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಇವನ ಮುಂದೆ ಅದನ್ನು ಹೇಗೆ ಹೇಳುವುದು?

“ಆಗೇತ್ರಿ... ನಿನ್ನಿ ಸಿಂದಗಿಗೆ ಹೋಗಿದ್ನಲ್ರಿ.”

ಸಿಂದಗಿಗೆ ಹೋಗಿದ್ದು ದಾರ ತರಲು. ಸೂಜಿ ಚುಚ್ಚಿದ್ದು ಹೊಲಿಯುವಾಗ, ಬೆರಳಿಗೆ! ಎರಡು ನಿಜ ಸೇರಿಸಿ ಒಂದು ಸುಳ್ಳು ಹೊಲಿದಿದ್ದಳು.

ಪಾಪ, ಅವನು ನಂಬಿದ. ತನ್ನ ಅಜ್ಜಿ ತಿಪ್ಪವ್ವನನ್ನು ಕರೆದ. “ಆಯಿ, ಇವ್ರಿಗೆ ಆಗೇತಿ. ಕೇಳು.”

ಮುದುಕಿ ಸುನೀತಾಳ ಕೈ ಹಿಡಿದಳು. “ಹೆಂಗಿತ್ತವ್ವಾ? ಖರೇ ಹೇಳು.”

ಆಗದ ಸೂಜಿಯ ಬಗ್ಗೆ ಏನು ಹೇಳುವುದು? ಬಾಯಿಂದ ಅವಳ ಅಂಜಿಕೆಯೇ ಹೊರಬಿತ್ತು.

“ಭಾಳ ನೋವ ಆತ್ರಿ ಆಯಿ... ಕೈ ಎತ್ತಾಕ ಬರವಲ್ದು.”

ತಿಪ್ಪವ್ವ ಲಸಿಕೆ ಹಾಕಿಸಿಕೊಳ್ಳದೆ ಸೆರಗು ಹೊದ್ದು ಮನೆಗೆ ನಡೆದೇಬಿಟ್ಟಳು.

ಚಳಿ ಬಿತ್ತು. ತಿಪ್ಪವ್ವನದು ಮೊದಲೇ ದಮ್ಮಿನ ಜೀವ. ಫ್ಲೂ ತಗುಲಿ ಸಿಂದಗಿಯ ಆಸ್ಪತ್ರೆ ಸೇರಿದಳು. ಸಿದ್ಧರಾಮ ಅಂಗಡಿ ಮುಂದೆ ಹಾಯುವುದು ನಿಂತಿತು.

‘ಗೊತ್ತಾಗಿಬಿಟ್ಟಿದೆ... ನನ್ನ ಮುಖ ನೋಡಲೂ ಅವನಿಗೆ ಮನಸ್ಸಿಲ್ಲ!’

ತಾಳಲಾರದೆ ಸುನೀತಾ ಸಿಂದಗಿಗೆ ಹೋದಳು. ವಾರ್ಡಿನ ಹೊರಗೆ ಅವನು ತಲೆ ತಗ್ಗಿಸಿ ಕುಳಿತಿದ್ದ.

“ಊರಿಗೆಲ್ಲಾ ಹೇಳಿದೆ. ನಮ್ಮ ಆಯಿಗೆ ತಿಳಿಸಿ ಹೇಳಾಕ ಬರಲಿಲ್ಲ ನೋಡ್ರಿ. ನಿಮಗ ಮಾರಿ ತೋರಸಾಕೂ ನಾಚಿಕಿ ಆಕ್ಕೈತಿ.”

ಅಯ್ಯೋ! ತನ್ನ ನಾಚಿಕೆಯನ್ನು ಇವನು ಹೊತ್ತು ಕುಳಿತಿದ್ದಾನೆ! ಸುಮ್ಮನಿದ್ದರೆ ಇವನು ತನಗೆ ಉಳಿಯುತ್ತಾನೆ. ಹೇಳಿದರೆ...

“ತಪ್ಪ ನಂದ್ರಿ! ನನಗ ಸೂಜಿ ಆಗೇ ಇಲ್ಲ. ಬಟ್ಟಿ ಹೊಲಿಯೂ ಸೂಜಿ ಚುಚ್ಚಿತ್ತು, ಅದನ್ನ ಹೇಳಿದೆ. ನನ್ನ ಅಂಜಿಕಿ ಆಯಿಗೆ ಹಚ್ಚಿದೆ...”

ಅವನು ಅವಳನ್ನೇ ನೋಡಿದ. ಎದ್ದು ಒಳಗೆ ಹೋದ.

ಬಸ್ಸಿನಲ್ಲಿ ಊರು ಬರುವವರೆಗೂ ಸುನೀತಾ ಮುಖದಿಂದ ಸೆರಗು ತೆಗೆಯಲಿಲ್ಲ.

ತಿಪ್ಪವ್ವ ಗುಣವಾಗಿ ಮನೆಗೆ ಬಂದಳು. ಭವನದಲ್ಲಿ ಮತ್ತೆ ಲಸಿಕೆಯ ದಿನ ಬಂತು. ಸುನೀತಾ ಹೆಂಗಸರೆದುರು ನಿಂತಳು.

“ಅವತ್ತ ನಾ ಸುಳ್ಳ ಹೇಳಿದ್ದೆ. ಅಂಜಿದ್ದೆ. ಈಗೂ ಅಂಜಾಕತ್ತೇನಿ... ಆದ್ರೂ ಮಾಡಿಸ್ಕೊಂತೇನಿ.”

ಯಾರೋ ಕಿಸಕ್ಕೆಂದರು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ನಗಬ್ಯಾಡ್ರೆ!” ತಿಪ್ಪವ್ವ ಗದರಿದಳು. “ನನಗೂ ಅವತ್ತ ತಪ್ಪಿಸ್ಕೊಳ್ಳಾಕ ಒಂದ ನೆಪ ಬೇಕಾಗಿತ್ತು, ಸಿಕ್ತು. ಅಕಿ ಆದಮ್ಯಾಲೆ ನನ್ನ ಪಾಳಿ.”

ಸುನೀತಾ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದಳು.

“ತೋಳ ಸಡ್ಲ ಬಿಡ್ರಿ,” ಎಂದ ಸಿದ್ಧರಾಮ. ಆಮೇಲೆ ಮೆಲ್ಲಗೆ, “ಊರೆಲ್ಲಾ ನನಗ ಬ್ರದರ್ ಅಂತೈತಿ. ನೀವ್ಯಾಕ ಒಮ್ಮೆನೂ ಅನ್ನಲಿಲ್ಲ?”

ಅವಳ ಮುಖ ಕೆಂಪಾಯಿತು. ‘ಮರೆತಿದ್ದೆ’ ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಬೇಡ... ಇನ್ನು ಸುಳ್ಳು ಬೇಡ!

“ಹಂಗ ಕರದ್ರ... ಆಮ್ಯಾಲೆ ಬ್ಯಾರೆ ಏನೂ ಕರಿಯಾಕ ಬರಂಗಿಲ್ಲಲ್ರಿ!”

“ಹತ್ತಿ ಒತ್ತಿ ಹಿಡೀರಿ.”

“ಯಾಕ್ರಿ? ಇನ್ನೂ ಸೂಜಿ...”

“ಆತಲ್ರಿ.”

ಅವಳು ಕಣ್ಣು ಬಿಟ್ಟಳು. ಅವನ ಕಣ್ಣು ಒದ್ದೆಯಾಗಿತ್ತು.

“ಅವತ್ತ ಸಿಟ್ಟ ಬಂದಿತ್ತು, ಎದ್ದ ಹೋದೆ. ಸೂಜಿಗಿಂತ ಆ ಖರೇ ಹೇಳಾಕ ನಿಮಗ ಜಾಸ್ತಿ ಅಂಜಿಕಿ ಆಗಿರಬೇಕು. ಅದು ಆಮ್ಯಾಲೆ ತಿಳೀತ್ರಿ.”

“ಹೆಂಗಿತ್ತವ್ವಾ? ಖರೇ ಹೇಳು!” ತಿಪ್ಪವ್ವ ಕೂಗಿದಳು.

“ಆಗಿದ್ದ ಗೊತ್ತ ಆಗಲಿಲ್ರಿ ಆಯಿ!”

ಸಿದ್ಧರಾಮ ಬಗ್ಗಿ ಕೇಳಿದ, “ಬ್ರದರ್ ಬ್ಯಾಡ. ಹೆಸರ ಹಿಡದ ಕರೀತೀರೇನು?”

ಇಷ್ಟು ದಿನ ಸುಟ್ಟ ನಾಚಿಕೆಯೇ ಬೇರೆ, ಈಗ ಬಂದ ನಾಚಿಕೆಯೇ ಬೇರೆ. ಸುನೀತಾ ಹತ್ತಿ ಒತ್ತಿಕೊಂಡೇ ಎದ್ದಳು.

“ಹೆಸರ ಹಿಡದ ಕರಿಯಂಗಿಲ್ರಿ... ಗಂಡನ ಹೆಸರ ಯಾರರ ಹೇಳ್ತಾರೇನು!”