ಜೋಡಿಯಿಲ್ಲದ ಆರು ಹುಡುಗಿಯರ ಪ್ರಾಮ್ ಸಂಜೆ

"ನಮ್ಮ ಜಾನ್ವಿಗೆ ಜೊತೆಗೆ ಬರೋಕೆ ಒಬ್ಬ ಹುಡುಗನೂ ಸಿಗಲಿಲ್ಲ ಅಂತ ಊರಿಗೆಲ್ಲ ಸಾರೋಕೆ ನಿಮಗೆ ಯಾರ್ರೀ ಹಕ್ಕು ಕೊಟ್ಟಿದ್ದು?"

ಬಾಗಿಲು ತೆರೆದ ಸಿಂಧು ಒಂದು ಹೆಜ್ಜೆ ಹಿಂದೆ ಸರಿದಳು. ಎದುರಿಗೆ ನಿಂತವನ ಕೊರಳಲ್ಲಿ ಆಫೀಸಿನ ಬ್ಯಾಡ್ಜ್ ಇನ್ನೂ ನೇತಾಡುತ್ತಿತ್ತು. ಕೈಯಲ್ಲಿ ಫೋನ್. ಅದರಲ್ಲಿ ಅವಳೇ ಕಳಿಸಿದ ಮೆಸೇಜ್!

"ನೀವು..."

"ಸಾಕೇತ್. ಜಾನ್ವಿಯ ಮಾಮ. ಇದನ್ನ ಓದಿ ಮಗು ಮಧ್ಯಾಹ್ನದಿಂದ ರೂಮಿನ ಬಾಗಿಲು ಹಾಕ್ಕೊಂಡು ಕೂತಿದೆ."

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಸಿಂಧು ಭಾನುವಾರಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಹೈಸ್ಕೂಲ್ ಮುಗಿಸುವವರ ನೃತ್ಯದ ಸಂಜೆ, ಪ್ರಾಮ್, ಬರುವ ಶನಿವಾರವಿತ್ತು. ಅವಳ ಕ್ಲಾಸಿನ ಆರು ಹುಡುಗಿಯರಿಗೆ ಜೋಡಿಯಿರಲಿಲ್ಲ. ಸಿಂಧು ಅದೇ ಸಂಜೆಗೆ ಅವರಿಗಾಗಿ ಒಂದು ಹಾಲ್ ಗೊತ್ತುಮಾಡಿದಳು, ಊಟಕ್ಕೆ ಹೇಳಿದಳು, ಹುಡುಗಿಯರ ಕೈಗೆ ಕಟ್ಟಲು ಹೂವನ್ನೂ ತರಿಸಿದಳು. ಆಮೇಲೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: 'ಡೇಟ್ ಸಿಗದ ನಮ್ಮ ಹುಡುಗಿಯರಿಗಾಗಿ ಒಂದು ವಿಶೇಷ ಸಂಜೆ!' ಕೆಳಗೆ ಆರೂ ಜನರ ಹೆಸರು.

"ನಾನು ಒಳ್ಳೇದಕ್ಕೇ ಮಾಡಿದ್ದು..."

"ಆ ಹುಡುಗೀರನ್ನ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಅದೇ ಅವಳ ಮೈ ಉರಿಸಿದ್ದು!

"ನನ್ನ ಮನೆ ಬಾಗಿಲಿಗೆ ಬಂದು ಕಿರುಚೋಕೆ ನೀವು ಯಾರ್ರೀ?" ಎಂದವಳೇ ಬಾಗಿಲು ಬಡಿದಳು.

ಮೆಸೇಜ್ ಅಳಿಸಿದಳು. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಜಾನ್ವಿಗೆ ಫೋನ್ ಮಾಡಿದಳು. ಉತ್ತರವಿಲ್ಲ.

'ಅವನಿಗೇನು ಗೊತ್ತು?' ಪ್ಲೇನ್‌ಫೀಲ್ಡ್‌ನಲ್ಲಿ ಓದುವಾಗ ತನ್ನ ಪ್ರಾಮ್ ದಿನ, ಜೋಡಿ ಸಿಗದೆ, ಜ್ವರ ಬಂದಿದೆ ಎಂದು ಗೆಳತಿಯರಿಗೆ ಸುಳ್ಳು ಹೇಳಿ, ಅಮ್ಮನಿಗೆ ಅಳು ಕೇಳದಿರಲೆಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಕೂತಿದ್ದಳು ಸಿಂಧು. ಅಂಥ ಸಂಜೆ ಈ ಮಕ್ಕಳಿಗೆ ಬರಬಾರದು ಎಂದಷ್ಟೇ ಅವಳಿಗಿದ್ದದ್ದು.

ಬುಧವಾರ, ಆರು ಹುಡುಗಿಯರಲ್ಲಿ ಒಬ್ಬಳಾದ ದೀಪ್ತಿಯ ಮನೆಯಿಂದ ಜಗನ್ನಾಥ ಅಂಕಲ್ ಫೋನ್ ಮಾಡಿದರು. "ನಮ್ಮ ದೀಪ್ತಿ ನಿನ್ನ ಡಿನ್ನರ್‌ಗೆ ಬರಲ್ಲಮ್ಮ. ಸಾಕೇತ್ ಫೋನ್ ಮಾಡಿದ್ದ. ಬೇಜಾರು ಮಾಡ್ಕೋಬೇಡ."

ಶುಕ್ರವಾರದ ಹೊತ್ತಿಗೆ ಆರೂ ಮನೆಗಳಿಂದ ಅದೇ ಮಾತು. ನಡುವೆ ಸಾಕೇತನ ಕರೆ ಮೂರು ಸಲ ಬಂತು. ಮೂರನ್ನೂ ಕತ್ತರಿಸಿದಳು. ನಾಲ್ಕನೆಯದನ್ನು ಎತ್ತಿ, "ಗೆದ್ರಲ್ಲ! ಈಗ ಸಮಾಧಾನ ಆಯ್ತಾ?" ಎಂದಳು.

"ಒಂದು ನಿಮಿಷ ಕೇಳಿ, ನಾನು..."

ಕೇಳಲಿಲ್ಲ. ಅವನ ನಂಬರನ್ನೇ ಬ್ಲಾಕ್ ಮಾಡಿ, ಫ್ರಿಜ್ಜಿನ ತುಂಬ ಇದ್ದ ಹೂವಿನ ಡಬ್ಬಿಗಳನ್ನು ನೋಡುತ್ತ ನಿಂತಳು. ಯಾರ ಮೇಲೆ ಇಷ್ಟು ಕೋಪ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಶನಿವಾರ ಮೂರು ಗಂಟೆಗೆ ಕರೆಗಂಟೆ ಸದ್ದಾಯಿತು. ತಲೆತುಂಬ ಕ್ಲಿಪ್ಪು, ದೊಗಲೆ ಟೀಶರ್ಟು... ಜಾನ್ವಿ!

"ಆಂಟಿ, ಸೀರಿಯಸ್ಲಿ? ಮಾಮನ್ನ ಬ್ಲಾಕ್ ಮಾಡಿದ್ರಾ?"

"ಅವರು ಎಲ್ಲಾ ಹಾಳು ಮಾಡಿದ್ರಲ್ಲ..."

"ನೋ! ಮಾಮ ನಮ್ಮನ್ನ ಕೇಳಿದ್ರು. ವಾಟ್ ಡು ಯೂ ಗರ್ಲ್ಸ್ ವಾಂಟ್ ಅಂತ. ನಮಗೆ ಹಾಲ್ ಬೇಡ ಆಂಟಿ. ಅಂಕಲ್ ಆಂಟಿಯರೆಲ್ಲ 'ಪಾಪ' ಅಂತ ನೋಡೋದು ಬೇಡ. ಆರೂ ಜನ ನಮ್ಮ ಮನೇಲಿ ರೆಡಿ ಆಗಿ ಒಟ್ಟಿಗೆ ಹೋಗ್ತೀವಿ. ಮತ್ತೆ... ನೀವು ಬೇಕು. ಅದನ್ನ ಹೇಳೋಕೇ ಮಾಮ ಕಾಲ್ ಮಾಡಿದ್ದು!"

"ಸಾರಿ ಜಾನ್ವಿ. ನಿಮ್ಮ ಹೆಸರು ನಾನು ಹಾಕಬಾರದಿತ್ತು."

"ಇಟ್ ಹರ್ಟ್. ಎ ಲಾಟ್," ಎಂದಳು ಜಾನ್ವಿ ನೆಲ ನೋಡುತ್ತ. ಮರುಕ್ಷಣವೇ ಸಿಂಧುವಿನ ಕೈ ಹಿಡಿದೆಳೆದಳು. "ಈಗ ಬನ್ನಿ. ದೀಪ್ತಿಯ ಡ್ರೆಸ್ ಜಿಪ್ ಕಿತ್ತುಬಂದಿದೆ. ಶೀ ಈಸ್ ಕ್ರೈಯಿಂಗ್!"

ಜಾನ್ವಿಯ ಮನೆಯಲ್ಲಿ ಹಾಡು, ಕೂಗಾಟ, ಹೇರ್‌ಸ್ಪ್ರೇ ವಾಸನೆ. ಮೂಲೆಯಲ್ಲಿ ಸಾಕೇತ್ ತುಟಿ ಕಚ್ಚಿಕೊಂಡು ಒಂದು ಗುಲಾಬಿ ಗೌನಿಗೆ ಇಸ್ತ್ರಿ ಹಾಕುತ್ತಿದ್ದ. ಸಿಂಧು ಸೂಜಿ ದಾರ ಹಿಡಿದು ದೀಪ್ತಿಯ ಗೌನನ್ನು ಮೈಮೇಲೆಯೇ ಹೊಲಿದಳು.

"ಅನ್‌ಬ್ಲಾಕ್ ಮಾಡಿದ್ರಾ?" ಅವನು ತಲೆಯೆತ್ತದೆ ಕೇಳಿದ.

"ಮೊದಲು ಇಸ್ತ್ರಿ ಕಡೆ ನೋಡಿ. ಸುಟ್ಟೀತು."

ಆರೂವರೆಗೆ ಎರಡು ಕಾರುಗಳಲ್ಲಿ ಅವರನ್ನು ಪ್ರಾಮ್ ನಡೆಯುವಲ್ಲಿಗೆ ಬಿಟ್ಟರು. ಬಿಸಿಲು ಇನ್ನೂ ಇತ್ತು. ಹುಡುಗಿಯರು ಕೈ ಕೈ ಹಿಡಿದು, ಹೈಹೀಲ್ಸಿನಲ್ಲಿ ಎಡವುತ್ತ, ನಗುತ್ತ ಓಡಿದರು. ಒಬ್ಬಳೂ ತಿರುಗಿ ನೋಡಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಸಿಂಧುವಿನ ಕಣ್ಣು ತುಂಬಿ ಬಂತು.

"ಏನಾಯ್ತು?" ಸಾಕೇತ್ ಗಾಬರಿಯಿಂದ ಹತ್ತಿರ ಬಂದ.

"ಖುಷಿ. ಆದ್ರೆ... ನಾನು ಮಾಡಿದ್ದು ಒಂದೂ ಬೇಕಾಗಲಿಲ್ಲ. ನನ್ನ ಪ್ರಾಮ್‌ಗೆ ನಾನು ಹೋಗಲೇ ಇಲ್ಲ ಸಾಕೇತ್. ನನ್ನ ಅಳುವನ್ನ ಇವರ ಮೇಲೆ ಹೇರಿಬಿಟ್ಟೆ."

ಅವನು ಪಕ್ಕಕ್ಕೆ ಬಂದು ಕಾರಿಗೆ ಒರಗಿ ನಿಂತ.

"ಅವತ್ತು ನಾನು ಹಾಗೆ ಕೂಗಬಾರದಿತ್ತು. ಅದೂ ನಿಮ್ಮ ಹತ್ರ." ಅವನು ಕಾರಿನ ಕೀಯನ್ನು ಬೆರಳಲ್ಲಿ ತಿರುವಿದ. "ಆರು ತಿಂಗಳಿಂದ ಜಾನ್ವಿನ ಕನ್ನಡ ಕ್ಲಾಸಿಗೆ ಬಿಡೋದು ನಾನೇ. ಅವಳ ಅಮ್ಮ ಅನುರಾಧಕ್ಕನಿಗೆ ಆಸ್ಪತ್ರೆ ಡ್ಯೂಟಿ ಇಲ್ಲದ ಭಾನುವಾರಾನೂ ನಾನೇ. ಕಾರಲ್ಲಿ ಕೂತು ನಿಮ್ಮನ್ನ ನೋಡ್ತಿದ್ದೆ. ಮಾತಾಡಿಸೋ ಧೈರ್ಯ ಇರಲಿಲ್ಲ. ಕೊನೆಗೆ ಮಾತಾಡಿದ್ದು... ಹಾಗೆ!"

ಸಿಂಧು ತಟ್ಟನೆ ಅವನತ್ತ ತಿರುಗಿದಳು.

"ಆರು ತಿಂಗಳು?"

"ಹೂಂ. ನೀವು ಇಷ್ಟ ಸಿಂಧು. ತುಂಬಾ." ಅವನ ದನಿ ತಗ್ಗಿತು. "ಇನ್ನೂ ಕೋಪ ಇದೆಯಾ?"

"ಇದೆ." ಅವಳು ಕಣ್ಣೊರೆಸಿಕೊಂಡಳು. "ನಾಳೆ ಕ್ಲಾಸ್ ಮುಗಿದ ಮೇಲೆ ಕಾಫಿಗೆ ಬನ್ನಿ. ಕೂರಿಸಿಕೊಂಡು ಬೈಬೇಕು."

"ಎಷ್ಟು ಹೊತ್ತು ಬೈತೀರಾ?"

"ಗೊತ್ತಿಲ್ಲ," ಎಂದಳು ಸಿಂಧು, ಮೆಲ್ಲನೆ ಅವನ ಬೆರಳು ಹಿಡಿದು. "ಬೇಗ ಮುಗಿಯೋ ಹಾಗೆ ಕಾಣಲ್ಲ..."